ಅಟ್ಟದಿಂದ ಇಳಿದ ಈ ಸಾಮಾನು ಯಾವುದಕ್ಕೆ? ಗುಜರಿಗೆ ಹಾಕೋ ಮುಂಚೆ ಗುರುತಿಸೋದು ಹೇಗೆ: ಇಲ್ಲಿದೆ ಪೂರ್ತಿ ಮಾಹಿತಿ

ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟೋರು ಈಗ ಪ್ರತಿ ಊರಲ್ಲೂ ಇದ್ದಾರೆ. ಮನೆ ಕೆಡವುವಾಗ ಅಟ್ಟದಿಂದ, ಕಣಜದ ಮೂಲೆಯಿಂದ, ದನದ ಕೊಟ್ಟಿಗೆಯಿಂದ ಒಂದು ರಾಶಿ ಸಾಮಾನು ಹೊರಗೆ ಬರುತ್ತೆ. ಅದರಲ್ಲಿ ಅರ್ಧ ಸಾಮಾನು ಯಾವ ಕೆಲಸದ್ದು ಅಂತ ಮನೆಯ ಹುಡುಗರಿಗೆ ಗೊತ್ತಿರಲ್ಲ. ಗುಜರಿಯವರು ಬರ್ತಾರೆ, ಕಬ್ಬಿಣಕ್ಕೆ ಇಷ್ಟು, ಹಿತ್ತಾಳೆಗೆ ಇಷ್ಟು ಅಂತ ತೂಕ ಹಾಕಿ ತಗೊಂಡು ಹೋಗ್ತಾರೆ.

ಇದರಲ್ಲಿ ಎರಡು ರೀತಿ ನಷ್ಟ ಇದೆ. ಮನೆತನದ ಅಪರೂಪದ ವಸ್ತು ಕೆಜಿ ಲೆಕ್ಕದಲ್ಲಿ ಕರಗಿ ಹೋಗೋದು ಒಂದು. ಇನ್ನೊಂದು ಇದಕ್ಕಿಂತ ಅಪಾಯದ್ದು. ಯಾವುದಕ್ಕೆ ಅಂತ ಗೊತ್ತಿಲ್ಲದ ವಸ್ತುವಿಗೆ ‘ಕೋಟಿ ಬೆಲೆ’ ಅಂತ ಕಥೆ ಕಟ್ಟೋ ವಂಚಕರ ಕೈಗೆ ಸಿಕ್ಕಿ, ಇದ್ದ ದುಡ್ಡೂ ಕಳ್ಕೊಳ್ಳೋದು. ವಸ್ತುವಿನ ಹೆಸರು ಮತ್ತು ಕೆಲಸ ಗೊತ್ತಿದ್ದರೆ ಎರಡರಿಂದಲೂ ತಪ್ಪಿಸಿಕೊಳ್ಳಬಹುದು. ಹೆಚ್ಚಾಗಿ ಗೊಂದಲ ಮಾಡೋ ಸಾಮಾನುಗಳನ್ನು ಗುರುತಿಸೋ ಬಗೆ ಇಲ್ಲಿದೆ. ಒಂದೇ ಸಾಮಾನಿಗೆ ಊರಿಂದ ಊರಿಗೆ ಹೆಸರು ಬೇರೆ ಇರಬಹುದು, ಕೆಲಸ ಮಾತ್ರ ಅದೇ.

ಮೊದಲ ನಿಯಮ: ತೊಳೀಬೇಡಿ

ಹಳೇ ವಸ್ತು ಸಿಕ್ಕ ತಕ್ಷಣ ಹುಣಸೆಹಣ್ಣು, ಬೂದಿ ಹಾಕಿ ಗಸಗಸ ಉಜ್ಜೋದು ಎಲ್ಲರ ಅಭ್ಯಾಸ. ಆದರೆ ಅದರ ಮೇಲಿರೋ ಕೊಳೆಯೇ ಅದರ ವಿಳಾಸ. ಈ ಐದು ವಿಷಯ ಮೊದಲು ನೋಡಿ.

1. ಮಸಿ ಎಲ್ಲಿದೆ? ತಳದಲ್ಲಿ ಇದ್ದರೆ ಒಲೆ ಮೇಲೆ ಇಟ್ಟ ಪಾತ್ರೆ. ಬಾಯಂಚಲ್ಲಿ ಒಂದೇ ಕಡೆ ಇದ್ದರೆ ದೀಪ.

2. ಸವೆದಿರೋದು ಎಲ್ಲಿ? ಹಿಡಿ ಸವೆದಿದ್ದರೆ ದಿನಾ ಕೈಯಲ್ಲಿ ಹಿಡಿದ ಸಾಮಾನು. ಬಳೆ ಅಥವಾ ಕೊಂಡಿ ಸವೆದಿದ್ದರೆ ಹಗ್ಗ, ಸರಪಳಿ ಕಟ್ಟಿ ತೂಗುಹಾಕಿದ್ದು.

3. ಒಳಗೆ ಏನು ಅಂಟಿದೆ? ಬಿಳಿ ಪೊರೆ ಇದ್ದರೆ ಸುಣ್ಣ ಇರಬಹುದು. ಜಿಡ್ಡು ಇದ್ದರೆ ಎಣ್ಣೆ. ಹಿತ್ತಾಳೆ, ತಾಮ್ರದ ಪಾತ್ರೆ ಒಳಗೆ ಬೆಳ್ಳಗೆ ಹೊಳೆದರೆ ಅದು ಕಲಾಯಿ, ಅಂದ್ರೆ ತವರದ ಲೇಪ. ಅಡುಗೆ ಪಾತ್ರೆ ಅನ್ನೋದಕ್ಕೆ ಅದು ಗುರುತು.

4. ಮುದ್ರೆ, ಅಕ್ಷರ, ಗೆರೆ ಇದೆಯಾ? ಪಾತ್ರೆ ಅಂಚಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಸಾಮಾನ್ಯವಾಗಿ ಮನೆಯವರದ್ದು, ಇಲ್ಲವೇ ಮದುವೆಗೆ ಉಡುಗೊರೆ ಕೊಟ್ಟವರದ್ದು.

5. ಅಯಸ್ಕಾಂತ ಹಿಡಿಯುತ್ತಾ? ಕಬ್ಬಿಣಕ್ಕೆ ಹಿಡಿಯುತ್ತೆ, ಹಿತ್ತಾಳೆ, ತಾಮ್ರ, ಕಂಚು, ಬೆಳ್ಳಿಗೆ ಹಿಡಿಯಲ್ಲ. ಮೇಲೆ ಹಿತ್ತಾಳೆ ಬಣ್ಣ ಇದ್ದೂ ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಅದು ಲೇಪ ಕೊಟ್ಟ ಕಬ್ಬಿಣ.

ಬಾವಿ ಮತ್ತು ಕೊಟ್ಟಿಗೆಯ ಸಾಮಾನು

ಪಾತಾಳಗರಡಿ: ಕಬ್ಬಿಣದ ಒಂದು ಬಳೆ, ಅದರ ಸುತ್ತ ಹತ್ತಾರು ಕೊಕ್ಕೆ. ನೋಡಿದವರು ಆಯುಧ ಅಂತಲೋ, ಮಾಂಸ ತೂಗುಹಾಕೋದು ಅಂತಲೋ ಅಂದುಕೊಳ್ತಾರೆ. ಇದು ಬಾವಿಗೆ ಬಿದ್ದ ಕೊಡ ಎತ್ತೋ ಸಾಧನ. ಹಗ್ಗ ಕಟ್ಟಿ ತಳಕ್ಕೆ ಬಿಟ್ಟು ನಿಧಾನಕ್ಕೆ ಆಡಿಸಿದರೆ ಯಾವುದೋ ಒಂದು ಕೊಕ್ಕೆ ಕೊಡದ ಕಂಠಕ್ಕೆ ಸಿಕ್ಕಿಕೊಳ್ಳುತ್ತೆ. ಊರಿಗೆಲ್ಲ ಒಂದೋ ಎರಡೋ ಇರ್ತಿತ್ತು, ಬೇಕಾದವರು ಎರವಲು ತರ್ತಿದ್ದರು. ಕೆಲವು ಕಡೆ ವಾಪಸ್ ಕೊಡೋವರೆಗೂ ಒಂದು ಚೊಂಬನ್ನೋ ಪಾತ್ರೆಯನ್ನೋ ಅಡವಿಡೋ ಪದ್ಧತಿ ಇತ್ತು.

ಗೊಟ್ಟ: ಒಂದು ಕಡೆ ಗೆಣ್ಣಿನಿಂದ ಮುಚ್ಚಿಕೊಂಡಿರೋ, ಇನ್ನೊಂದು ಕಡೆ ಓರೆಯಾಗಿ ಕತ್ತರಿಸಿರೋ ಬಿದಿರಿನ ಕೊಳವೆ. ಕೊಳಲೂ ಅಲ್ಲ, ಅಳತೆಯೂ ಅಲ್ಲ. ದನಕ್ಕೆ ಔಷಧಿ, ಗಂಜಿ, ಎಣ್ಣೆ ಕುಡಿಸೋದಕ್ಕೆ ಇದು. ಬಾಯಿಯ ಪಕ್ಕದಿಂದ ಓರೆ ತುದಿಯನ್ನು ಒಳಗೆ ಇಟ್ಟು ಹುಯ್ಯೋದು. ಅಂಚಲ್ಲಿ ದನದ ಹಲ್ಲಿನ ಗುರುತು ಇದ್ದರೆ ಗೊಟ್ಟವೇ.

ಎತ್ತಿನ ಲಾಳ: ಬಾಗಿಲಿಗೆ ಹೊಡೆಯೋ ಕುದುರೆ ಲಾಳ ಎಲ್ಲರಿಗೂ ಗೊತ್ತು. ಆದರೆ ಚಪ್ಪಟೆಯಾದ, ಅರ್ಧಚಂದ್ರದ ಥರದ ಸಣ್ಣ ಕಬ್ಬಿಣದ ಪಟ್ಟಿ ಸಿಕ್ಕರೆ ಅದು ಎತ್ತಿನದ್ದು. ಕುದುರೆಗೆ ಒಂದೇ ಗೊರಸು, ಹಾಗಾಗಿ ಕಾಲಿಗೊಂದು ಲಾಳ. ಎತ್ತಿನ ಗೊರಸು ಸೀಳಿರುತ್ತೆ, ಹಾಗಾಗಿ ಕಾಲಿಗೆ ಎರಡು. ನಾಲ್ಕೂ ಕಾಲಿಗೆ ಹೊಡೆದರೆ ಒಂದು ಎತ್ತಿಗೆ ಎಂಟು ಪಟ್ಟಿ.

ಕಡಾಣಿ: ಗೇಣುದ್ದದ ಕಬ್ಬಿಣದ ಗಟ್ಟಿ ಗೂಟ, ತಲೆ ದಪ್ಪ. ಗಾಡಿಯ ಅಚ್ಚಿನ ತುದಿಗೆ ಹಾಕ್ತಿದ್ದರು, ಚಕ್ರ ಕಳಚಿ ಬೀಳದೇ ಇರಲಿ ಅಂತ. ಗಾಡಿ ಹೋಗಿ ಎಷ್ಟೋ ವರ್ಷ ಆದರೂ ಕಡಾಣಿ ಮಾತ್ರ ಗೋಡೆಗೂಟವಾಗಿ ಉಳಿದಿರೋ ಮನೆಗಳಿವೆ.

ಕೂರಿಗೆ ಬಟ್ಟಲು: ಮರದಲ್ಲಿ ಕೊರೆದ ಬಟ್ಟಲು, ತಳದಲ್ಲಿ ಸುತ್ತಲೂ ತೂತು. ಇದು ಸೋರೋ ಪಾತ್ರೆ ಅಲ್ಲ, ಬಿತ್ತನೆ ಕೂರಿಗೆಯ ತಲೆ. ಒಂದೊಂದು ತೂತಿಗೂ ಒಂದೊಂದು ಬಿದಿರಿನ ಕೊಳವೆ ಸೇರಿಸಿ, ಕೊಳವೆ ಕೆಳಗೆ ಸಾಲು ಹೊಡೆಯೋ ಹಲ್ಲು ಇರ್ತಿತ್ತು. ಬಟ್ಟಲಿಗೆ ಕೈಯಿಂದ ಬೀಜ ಬಿಡ್ತಾ ಹೋದರೆ ಎಲ್ಲ ಸಾಲಿಗೂ ಸಮವಾಗಿ ಬೀಳುತ್ತೆ. ಎಷ್ಟು ತೂತೋ ಅಷ್ಟು ಸಾಲಿನ ಕೂರಿಗೆ ಅಂತ ಲೆಕ್ಕ.

ಅಡುಗೆ ಮನೆಯ ಸಾಮಾನು

ಒಳಲೆ: ಪುಟ್ಟ ಬಟ್ಟಲು, ಒಂದು ಕಡೆ ಹಕ್ಕಿ ಕೊಕ್ಕಿನ ಥರ ಮೂತಿ. ಇದನ್ನು ಹಣತೆ ಅಂತ ದೇವರ ಮನೆಯಲ್ಲಿ ಇಟ್ಟವರೂ ಇದ್ದಾರೆ. ನಿಜವಾಗಿ ಇದು ಹಸುಗೂಸಿಗೆ ಹಾಲು, ಔಷಧಿ ಕುಡಿಸೋದು. ಮೂತಿಯಲ್ಲಿ ಬತ್ತಿ ಸುಟ್ಟ ಕಪ್ಪು ಇಲ್ಲದೇ ಇದ್ದರೆ, ಅಂಚು ಚೂಪಾಗಿರದೆ ನುಣ್ಣಗೆ ಇದ್ದರೆ ಒಳಲೆ. ಒಂದು ಮನೆಯಲ್ಲಿ ಮೂರು ತಲೆಮಾರು ಒಂದೇ ಒಳಲೆಯಲ್ಲಿ ಹಾಲು ಕುಡಿದಿರಬಹುದು. ತೂಕಕ್ಕೆ ಹಾಕಿದರೆ ನೂರು ಗ್ರಾಮೂ ಬರಲ್ಲ.

ಶಾವಿಗೆ ಒರಳು: ಮೂರು ಕಾಲು, ಮೇಲೆ ತಿರುಗಿಸೋ ಉದ್ದ ಹಿಡಿ, ನಡುವೆ ತಿರುಪು, ಕೆಳಗೆ ಸಣ್ಣ ತೂತಿನ ಬಿಲ್ಲೆ. ಬೆಂದ ಅಕ್ಕಿಹಿಟ್ಟಿನ ಮುದ್ದೆ ಹಾಕಿ ತಿರುಗಿಸಿದರೆ ಒತ್ತು ಶಾವಿಗೆ ಬೀಳುತ್ತೆ. ತಿರುಪಿಲ್ಲದೆ ಮರದ ದಿಮ್ಮಿ ಮೇಲಿಂದ ಒತ್ತೋ ಹಳೇ ಮಾದರಿಯೂ ಇದೆ. ಬಿಲ್ಲೆ ಕಳೆದು ಬರೀ ಕಾಲು, ತಿರುಪು ಸಿಕ್ಕರೆ ಜನ ಯಂತ್ರದ ಬಿಡಿಭಾಗ ಅಂತ ಎಸೀತಾರೆ. ಬಿಲ್ಲೆ ಅಲ್ಲೇ ಡಬ್ಬಿಯಲ್ಲಿ ಇದೆಯಾ ಹುಡುಕಿ ನೋಡಿ.

ಒನಕೆಯ ಬಳೆ: ಅಂಗೈ ಅಗಲದ ದಪ್ಪ ಕಬ್ಬಿಣದ ಬಳೆ, ಒಂದು ಅಂಚು ಮಾತ್ರ ಬಡಿದು ಬಡಿದು ಮಡಿಚಿರುತ್ತೆ. ಭತ್ತ ಕುಟ್ಟೋ ಒನಕೆಯ ತುದಿ ಸೀಳದಿರಲಿ ಅಂತ ಹಾಕ್ತಿದ್ದದ್ದು. ಮರ ಗೆದ್ದಲು ತಿಂದು ಹೋಗಿರುತ್ತೆ, ಬಳೆ ಉಳಿದಿರುತ್ತೆ.

ಎಲೆ ಅಡಿಕೆಯ ಸಾಮಾನು: ಅಡಕತ್ತರಿ ಗುರುತು ಹಿಡಿಯೋದು ಸುಲಭ. ಅದರ ಜೊತೆಗಾರರು ಮಾತ್ರ ಗೊಂದಲ. ಅಂಗೈಯಲ್ಲಿ ಹಿಡಿಯೋ ಪುಟ್ಟ ಒರಳು, ಅದಕ್ಕೊಂದು ಸಣ್ಣ ಹಾರೆ ಇದ್ದರೆ ಅದು ಕುಟ್ಟಾಣಿ. ಹಲ್ಲಿಲ್ಲದ ಹಿರಿಯರು ಎಲೆ ಅಡಿಕೆ ಕುಟ್ಟಿ ಬಾಯಿಗೆ ಹಾಕ್ಕೊಳ್ತಿದ್ದದ್ದು. ಮಾವಿನಕಾಯಿ ಆಕಾರದ ಮುಚ್ಚಳದ ಡಬ್ಬಿ, ಒಳಗೆ ಬಿಳಿ ಪೊರೆ ಇದ್ದರೆ ಸುಣ್ಣದ ಡಬ್ಬಿ. ಅದಕ್ಕೆ ಸರಪಳಿಯಲ್ಲಿ ನೇತಾಡೋ ಚಿಕ್ಕ ಸೌಟು ಸುಣ್ಣ ತೆಗೆಯೋದಕ್ಕೆ.

ಕರಡಿಗೆ: ಬೆಳ್ಳಿಯದ್ದು, ಮೊಟ್ಟೆ ಆಕಾರ, ದಾರ ಪೋಣಿಸೋಕೆ ಕೊಂಡಿ. ಸುಣ್ಣದ ಡಬ್ಬಿಯೋ ನಸ್ಯದ ಡಬ್ಬಿಯೋ ಅಂದುಕೊಳ್ಳಬೇಡಿ. ಲಿಂಗಾಯತರು ಇಷ್ಟಲಿಂಗ ಇಟ್ಟು ಕೊರಳಿಗೆ ಧರಿಸೋದು ಇದು. ಅಂಗಡಿಗೆ ಹಳೇ ಬೆಳ್ಳಿ ಜೊತೆ ಬಂದರೆ ಕರಗಿಸೋ ಮುಂಚೆ ಕೊಟ್ಟವರಿಗೆ ಒಂದು ಮಾತು ಹೇಳೋದು ಒಳ್ಳೇದು.

ಅಳಗುಳಿ ಮಣೆ: ಮರದ ಹಲಗೆ, ಎರಡು ಸಾಲು ಗುಳಿ, ಸಾಲಿಗೆ ಏಳರಂತೆ ಒಟ್ಟು 14. ಮಸಾಲೆ ಇಡೋದಲ್ಲ, ಆಟದ ಮಣೆ. ಹುಣಸೆ ಬೀಜ, ಕವಡೆ ಹಾಕಿ ಇಬ್ಬರು ಆಡೋದು. ಕರಾವಳಿಯಲ್ಲಿ ಇದೇ ಚೆನ್ನೆಮಣೆ, ಅಲ್ಲಿ ಆಟಿ ತಿಂಗಳ ಮಳೆಯಲ್ಲಿ ಆಡೋ ಆಟ.

ಅಂಗಡಿಯವರ ಮನೆಯಲ್ಲಿ ಸಿಗೋ ಸಾಮಾನು

ಕೊಳಗ, ಸೇರು, ಪಾವು: ಹಿಡಿ ಇಲ್ಲದ, ನೆಟ್ಟಗಿರೋ ಹಿತ್ತಾಳೆ ಅಥವಾ ಕಬ್ಬಿಣದ ಡಬ್ಬಗಳು. ಲೋಟ ಅಲ್ಲ ಅನ್ನೋದಕ್ಕೆ ಬಾಯಂಚಿನ ದಪ್ಪ ಪಟ್ಟಿಯೇ ಗುರುತು. ನಾಲ್ಕು ಪಾವಿಗೆ ಒಂದು ಸೇರು, 20 ಕೊಳಗಕ್ಕೆ ಒಂದು ಖಂಡುಗ. ಖಂಡುಗ ಬೀಜ ಹಿಡಿಯೋ ನೆಲಕ್ಕೂ ಖಂಡುಗ ಅಂತಲೇ ಹೆಸರು; ಹಳೇ ಪತ್ರದಲ್ಲಿ ‘ಖಂಡುಗ ಗದ್ದೆ’ ಅಂತ ಇದ್ದರೆ ಅದೇ ಲೆಕ್ಕ. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೇ ಅಳತೆಗೆ ‘ಒಂದು’ ಅನ್ನದೆ ‘ಲಾಭ’ ಅಂತ ಎಣಿಸ್ತಿದ್ದದ್ದು ಹಿರಿಯರಿಗೆ ನೆನಪಿರುತ್ತೆ.

ಗಮನಿಸಿ: ಅಳತೆಯ ಸೇರು ಬೇರೆ, ತೂಕದ ಸೇರು ಬೇರೆ. ತೂಕದ ಪಕ್ಕಾ ಸೇರು 80 ತೊಲ, ಅಂದ್ರೆ ಸುಮಾರು 933 ಗ್ರಾಂ. ಒಂದು ತೊಲ 11.66 ಗ್ರಾಂ, ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ತೂಕ ಅಳತೆಗಳ ಹೊಸ ಕಾನೂನು 1956ರಲ್ಲಿ ಬಂತು, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕೆಜಿ ಬಳಕೆ ಶುರುವಾಯಿತು. ಆಮೇಲೆ ಈ ಬೊಡ್ಡುಗಳೆಲ್ಲ ಅಟ್ಟ ಸೇರಿದವು. ಅಂಗಡಿಯಲ್ಲಿ ಇವನ್ನು ಅಲಂಕಾರಕ್ಕೆ ಇಡಬಹುದು. ಆದರೆ ಸೇರು, ಪಾವಿನಲ್ಲಿ ಅಳೆದು ವ್ಯಾಪಾರ ಮಾಡಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ದಂಡ ಹಾಕಬಹುದು.

ಅಕ್ಕಸಾಲಿಗರ ತಕ್ಕಡಿ: ಚಿಕ್ಕ ಮರದ ಪೆಟ್ಟಿಗೆ, ಒಳಗೆ ಬಟ್ಟಲಿನಷ್ಟೇ ಪುಟ್ಟ ಹಿತ್ತಾಳೆ ತಟ್ಟೆಗಳು, ಸಣ್ಣ ಸಣ್ಣ ಬೊಡ್ಡು. ಜೊತೆಗೆ ಕೆಂಪು ಮೈ, ಕಪ್ಪು ತಲೆಯ ಗುಲಗಂಜಿ ಬೀಜ ಸಿಕ್ಕರೆ ಅವೂ ತೂಕದ ಬೊಡ್ಡುಗಳೇ, ಚಿನ್ನ ತೂಗ್ತಿದ್ದದ್ದು ಅವುಗಳಲ್ಲಿ. ಎಚ್ಚರಿಕೆ: ಗುಲಗಂಜಿ ಬೀಜದಲ್ಲಿ ವಿಷ ಇದೆ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮಕ್ಕಳ ಕೈಗೆ ಕೊಡಬೇಡಿ.

ಕಡತ: ಕಪ್ಪು ಹಲಗೆಯಂಥ ಗಟ್ಟಿ ಬಟ್ಟೆ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತೆ. ಕರಿ ಹಿಡಿದ ಹಳೇ ಬಟ್ಟೆ ಅಂತ ಒಲೆಗೆ ಹಾಕೋರು ಹೆಚ್ಚು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಬಳಪದಲ್ಲಿ ಬರೀತಿದ್ದ ಲೆಕ್ಕದ ಪುಸ್ತಕ ಇದು. ಬೇಡವಾದರೆ ಒರೆಸಿ ಮತ್ತೆ ಬರೀಬಹುದಿತ್ತು. ಶಾನುಭೋಗರು, ವರ್ತಕರು, ಮಠಗಳು ಬಳಸ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಧಾರ. ತಾಲ್ಲೂಕು ಕಚೇರಿಯಲ್ಲಿ ಇವತ್ತಿಗೂ ಫೈಲಿಗೆ ‘ಕಡತ’ ಅನ್ನೋದು ಇದರಿಂದಲೇ. ನೀರು ತಾಗಿಸಬೇಡಿ, ಕೈಯಿಂದ ಒರೆಸಬೇಡಿ, ಬರಹ ಹೋಗಿಬಿಡುತ್ತೆ.

ಓಲೆಗರಿ ಮತ್ತು ಕಂಟ: ಎರಡು ಮರದ ಪಟ್ಟಿಗಳ ನಡುವೆ ಉದ್ದುದ್ದ ಗರಿಗಳು, ನಡುವೆ ತೂತು, ದಾರ. ಜೊತೆಗೆ ಚೂಪು ಮೊನೆಯ ಕಬ್ಬಿಣದ ಕಡ್ಡಿ ಸಿಕ್ಕರೆ ಅದೇ ಬರೆಯೋ ಕಂಟ. ಗರಿ ಖಾಲಿ ಕಂಡರೂ ಓರೆ ಬೆಳಕಲ್ಲಿ ಹಿಡಿದು ನೋಡಿ. ಕಂಟದಲ್ಲಿ ಕೊರೆದು ಆಮೇಲೆ ಮಸಿ ತುಂಬ್ತಿದ್ದರು. ಮಸಿ ಹೋಗಿದ್ದರೆ ಗೀರು ಮಾತ್ರ ಉಳಿದಿರುತ್ತೆ.

ಹಳೇ ಓಲೆಕಟ್ಟಿಗೆ ಎಷ್ಟು ಬೆಲೆ ಅನ್ನೋದಕ್ಕೆ ಮೈಸೂರಿನ ಉದಾಹರಣೆ ಸಾಕು. ಈಗ ಪ್ರಾಚ್ಯ ವಿದ್ಯಾ ಸಂಶೋಧನಾಲಯ ಅನ್ನಿಸಿಕೊಂಡಿರೋ ಅಲ್ಲಿನ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಕಟ್ಟು ಕೊಟ್ಟು ಹೋಗಿದ್ದರು. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಓದಿ ನೋಡಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರ! ಹೆಸರು ಮಾತ್ರ ಕೇಳಿದ್ದ, ಕಳೆದುಹೋಗಿದೆ ಅಂದುಕೊಂಡಿದ್ದ ಗ್ರಂಥ 1909ರಲ್ಲಿ ಅಚ್ಚಾಯಿತು. ಆ ಕಟ್ಟು ಒಲೆಗೆ ಹೋಗಿದ್ದರೆ ಕಥೆಯೇ ಬೇರೆ ಆಗ್ತಿತ್ತು.

‘ಕೋಟಿ ಬೆಲೆ’ ಕಥೆಗಳು: ಇವನ್ನು ನಂಬಬೇಡಿ

ರೈಸ್ ಪುಲ್ಲರ್: ಹಳೇ ತಾಮ್ರದ ಚೊಂಬು ಅಕ್ಕಿಕಾಳನ್ನು ಎಳೆಯುತ್ತೆ, ಅದಕ್ಕೆ ವಿದೇಶದಲ್ಲಿ ಕೋಟಿಗಟ್ಟಲೆ ಬೆಲೆ ಅಂತ ಕಥೆ. ತಾಮ್ರ ಅಕ್ಕಿಯನ್ನು ಎಳೆಯಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಸೇರಿಸಿ, ಪಾತ್ರೆಯಲ್ಲಿ ಅಯಸ್ಕಾಂತ ಅಡಗಿಸಿ ತೋರಿಸೋ ಕೈಚಳಕ ಅದು. ‘ಪರೀಕ್ಷೆ ಖರ್ಚು’, ‘ವಿಜ್ಞಾನಿಗಳ ಫೀಸು’ ಅಂತ ದುಡ್ಡು ಕಿತ್ತುಕೊಂಡು ಮಾಯ ಆಗ್ತಾರೆ.

ಕೆಂಪು ಪಾದರಸ: ಹಳೇ ರೇಡಿಯೋ, ಟಿವಿ, ಹೊಲಿಗೆ ಯಂತ್ರದಲ್ಲಿ ಇದೆ ಅನ್ನೋ ಗಾಳಿಸುದ್ದಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಸುದ್ದಿ ಹಬ್ಬಿ ಜನ ಹಳೇ ಹೊಲಿಗೆ ಯಂತ್ರಕ್ಕೆ ಮುಗಿಬಿದ್ದಿದ್ದರು. ಅಂಥ ವಸ್ತು ಯಾವ ಯಂತ್ರದಲ್ಲೂ ಇಲ್ಲ.

ದೇವರ ಚಿತ್ರದ ನಾಣ್ಯ: ಒಂದು ಕಡೆ ರಾಮ, ಹನುಮಂತ, ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ 1818, ಒಂದಾಣೆ’ ಅಂತ ಇದ್ದರೆ ಅದು ಕಂಪನಿ ಚಲಾವಣೆಗೆ ತಂದ ನಾಣ್ಯ ಅಲ್ಲ. ಆಮೇಲೆ ಯಾರೋ ಮಾಡಿದ ಬಿಲ್ಲೆ. ಜಾತ್ರೆಗಳಲ್ಲಿ ಮಾರ್ತಿದ್ದಂಥದ್ದು.

ಹಳೇ ನೋಟು, ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಫೀಸ್ ಕಟ್ಟಿ ಅನ್ನೋ ಫೋನ್ ಬಂದರೂ ಅಷ್ಟೇ. ಇಂಥ ಯಾವ ವ್ಯವಹಾರವನ್ನೂ ತಾನು ಮಾಡಲ್ಲ, ಫೀಸೂ ಕೇಳಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ದುಡ್ಡು ಕಳುಹಿಸಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಕಾನೂನು ಏನು ಹೇಳುತ್ತೆ?

ಪುರಾತನ ವಸ್ತುಗಳ ಬಗ್ಗೆ 1972ರ ಕೇಂದ್ರ ಕಾನೂನು ಇದೆ. ನೂರು ವರ್ಷ ದಾಟಿದ ಐತಿಹಾಸಿಕ ಮಹತ್ವದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಇದರಡಿ ಬರುತ್ತೆ. ಇವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ವಿದೇಶಕ್ಕೆ ಕಳುಹಿಸೋ ಹಾಗಿಲ್ಲ. ಅಜ್ಜಿಯ ಒರಳು, ಸೇರು ಮನೆಯಲ್ಲಿ ಇಟ್ಟುಕೊಳ್ಳೋದಕ್ಕೆ ಯಾರ ಅಪ್ಪಣೆಯೂ ಬೇಡ. ಕಲ್ಲು, ಲೋಹದ ಹಳೇ ವಿಗ್ರಹ ಇದ್ದರೆ ಮಾತ್ರ ನೋಂದಣಿ ಬೇಕಾಗುತ್ತೆ, ವಿಚಾರಿಸಿ.

ಪಾಯ ತೋಡುವಾಗ ನಾಣ್ಯದ ಗಡಿಗೆ, ವಿಗ್ರಹ, ತಾಮ್ರಶಾಸನ ಸಿಕ್ಕರೆ ಅದು ಮನೆಯ ಆಸ್ತಿ ಅಂತ ಮುಚ್ಚಿಡೋ ಹಾಗಿಲ್ಲ. ತಹಶೀಲ್ದಾರ್ ಕಚೇರಿಗೆ ತಿಳಿಸಬೇಕು. ಗುಜರಿ ಅಂಗಡಿಯವರಿಗೂ ಒಂದು ಮಾತು: ದೇವಸ್ಥಾನದ ಗಂಟೆ, ಕಳಸ, ಪ್ರಭಾವಳಿಯಂಥ ಸಾಮಾನು ತೂಕಕ್ಕೆ ಬಂದರೆ ಎಲ್ಲಿಂದ ಬಂತು ಅಂತ ಕೇಳಿ, ತಂದವರ ಗುರುತಿನ ಚೀಟಿ ತಗೊಳ್ಳಿ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಕೊಂಡವರ ಮೇಲೂ ಕೇಸ್ ಆಗುತ್ತೆ.

ಎಲ್ಲಿ ಹೋಲಿಸಿ ನೋಡಬಹುದು?

ಗುರುತು ಸಿಗದ ಸಾಮಾನಿನ ಫೋಟೋ ಮೊಬೈಲಲ್ಲಿ ಇಟ್ಟುಕೊಂಡು ಒಂದು ಸುತ್ತು ಹೋಗಿ ಬರಬಹುದಾದ ಜಾಗ ಇವು: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಮೈಸೂರು ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ. ಹಳ್ಳಿ ಮನೆಯ ಪಾತ್ರೆ, ಬೇಸಾಯದ ಸಾಮಾನು, ಅಳತೆ ಮಾನ ಅಲ್ಲಿ ನೋಡಲು ಸಿಗುತ್ತೆ. ಹೋಗೋ ಮುಂಚೆ ತೆರೆದಿರೋ ದಿನ ಕೇಳಿಕೊಳ್ಳಿ.

ಅದಕ್ಕೂ ಮುಂಚೆ ನಿಮ್ಮ ಬೀದಿಯ ಹಿರಿಯರನ್ನು ಕೇಳಿ. ಕಮ್ಮಾರರು, ಬಡಗಿಗಳು, ಕಲಾಯಿ ಹಾಕ್ತಿದ್ದವರು, ಹಳೇ ಕಿರಾಣಿ ಅಂಗಡಿಯ ಯಜಮಾನರು, ಎಲ್ಲಕ್ಕಿಂತ ಹೆಚ್ಚಾಗಿ ಎಂಬತ್ತು ದಾಟಿದ ಅಜ್ಜಿಯರು. ‘ಇದು ಏನು?’ ಅಂತ ಕೇಳಿದರೆ ಬರೀ ಹೆಸರು ಸಿಗುತ್ತೆ. ಸಾಮಾನನ್ನು ಅವರ ಕೈಗೇ ಕೊಟ್ಟು ‘ಹೇಗೆ ಹಿಡೀತಿದ್ರಿ?’ ಅಂತ ಕೇಳಿ. ಬಾಯಿಗೆ ಹೆಸರು ಬರದೇ ಇದ್ದರೂ ಕೈಗೆ ನೆನಪಿರುತ್ತೆ. ಅದನ್ನು ವಿಡಿಯೋ ಮಾಡಿಕೊಳ್ಳಿ.

ಆಮೇಲೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಸಾಮಾನಿಗೆ ದಾರದಲ್ಲಿ ಕಟ್ಟಿ: ನಿಮ್ಮ ಊರಲ್ಲಿ ಅದಕ್ಕೆ ಇರೋ ಹೆಸರು, ಮಾಡ್ತಿದ್ದ ಕೆಲಸ, ಯಾರು ಬಳಸ್ತಿದ್ದರು, ಹೇಳಿದವರು ಯಾರು. ಇಷ್ಟಾದ ಮೇಲೂ ಬೇಡ ಅನ್ನಿಸಿದರೆ ಗುಜರಿಗೆ ಹಾಕಬಹುದು. ಆದರೆ ಒಳಲೆಗೆ ಚೀಟಿ ಕಟ್ಟಿ, ಅದರಲ್ಲಿ ಹಾಲು ಕುಡಿದವರ ಹೆಸರು ಬರೆದ ಮೇಲೆ ತೂಕಕ್ಕೆ ಹಾಕೋರು ಕಮ್ಮಿ.